ಅತಿಥಿಗಾಗಿ ತೆರೆದ ಬಾಗಿಲಲ್ಲಿ ಯಾರ ಫಲಕ?

ಕಳೆದ ಮಳೆಗಾಲದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದ್ದಳು. ಮಡಿಕೇರಿಗೆ ಹತ್ತಿರದ ಒಂದು ಹಳ್ಳಿಗೆ ಮದುವೆಯಾಗಿ ಹೋದವಳು. ಕೊಲ್ಲಿಯಲ್ಲಿದ್ದ ಗಂಡ 2020ರಲ್ಲಿ ಕೆಲಸ ಕಳೆದುಕೊಂಡು ಊರಿಗೆ ಮರಳಿದ. ಉಳಿದಿದ್ದ ಹಣದಿಂದ ಮನೆಯ ಮೇಲಂತಸ್ತಿನ ಎರಡು ಕೋಣೆಗಳನ್ನು ಸರಿಪಡಿಸಿ ಹೋಮ್‌ಸ್ಟೇ ಆರಂಭಿಸಿದರು. ಅತ್ತೆಯ ಕೈಯ ಅಕ್ಕಿರೊಟ್ಟಿ, ಕೋಳಿ ಸಾರು ತಿಂದು ಹೋದವರು ಮತ್ತೊಮ್ಮೆ ಬಂದದ್ದೂ ಇದೆ. ಆದರೆ ಜೂನ್ ಬಂತೆಂದರೆ ಕೋಣೆಗಳು ಖಾಲಿ. ಮಳೆ ಸುರಿಯುತ್ತಿರುತ್ತದೆ, ಆದಾಯ ನಿಂತಿರುತ್ತದೆ. ಮಗಳ ಕಾಲೇಜಿನ ಶುಲ್ಕ ಕಟ್ಟುವ ಸಮಯವೂ ಅದೇ.

"ಟೀಚರ್, ಒಂದು ವಿಷಯ ಕೇಳಬೇಕಿತ್ತು" ಎಂದಳು. "ನಮ್ಮ ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಹೇಳುತ್ತಾನೆ, ಅದರಲ್ಲಿ ಜಾಹೀರಾತು ಹಾಕಿದರೆ ಅತಿಥಿಗಳು ಬರದಿದ್ದರೂ ದುಡ್ಡು ಬರುತ್ತದಂತೆ. ಇವರು ಹಾಕೋಣ ಅನ್ನುತ್ತಾರೆ. ಮಾಮಿ ಬೇಡ ಅನ್ನುತ್ತಾರೆ. ನನಗೆ ಏನೂ ತೋಚುತ್ತಿಲ್ಲ."

ನಾನು ಕಂಪ್ಯೂಟರ್ ಕಲಿತವಳಲ್ಲ. ಆದರೆ ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಹುಡುಕಿ ತಿಳಿಯಬೇಕೆಂದು ಮಕ್ಕಳಿಗೆ ಹೇಳುವವಳು ತಾನೇ ಸುಮ್ಮನಿರುವುದು ಸರಿಯೇ? ಒಂದು ವಾರ ಕೊಡು ಎಂದೆ. ತಿಳಿದವರಲ್ಲಿ ವಿಚಾರಿಸಿದೆ, ಓದಿದೆ, ಲೆಕ್ಕ ಹಾಕಿದೆ. ಇಂದು ನಮ್ಮ ಎಷ್ಟೋ ಸಹೋದರಿಯರು ಮನೆಯಿಂದಲೇ ಸಣ್ಣ ಉದ್ಯಮ ನಡೆಸುತ್ತಿದ್ದಾರೆ. ಹಲವರಿಗೆ ಇದೇ ಪ್ರಶ್ನೆ ಎದುರಾಗಬಹುದು. ಆದ್ದರಿಂದ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ವ್ಯವಸ್ಥೆ ಏನೆಂದು ನೋಡೋಣ. ಗೂಗಲ್ ಸಂಸ್ಥೆ 2003ರಲ್ಲಿ ಆಡ್‌ಸೆನ್ಸ್ ಎಂಬ ಸೇವೆಯನ್ನು ಆರಂಭಿಸಿತು. ನಮ್ಮ ವೆಬ್‌ಸೈಟ್‌ನಲ್ಲಿ ಒಂದಿಷ್ಟು ಜಾಗ ಬಿಟ್ಟುಕೊಟ್ಟರೆ ಅಲ್ಲಿ ಬೇರೆಯವರ ಜಾಹೀರಾತುಗಳನ್ನು ಅದು ತಾನೇ ತಂದು ಹಾಕುತ್ತದೆ. ಜಾಹೀರಾತುದಾರರು ಕೊಡುವ ಹಣದಲ್ಲಿ ಒಂದು ಪಾಲು ನಮಗೆ. ಮೊದಲೆಲ್ಲಾ ಯಾರಾದರೂ ಜಾಹೀರಾತನ್ನು ಒತ್ತಿದಾಗಲೇ ಹೆಚ್ಚಾಗಿ ಹಣ ಸಿಗುತ್ತಿತ್ತು. 2024ರಿಂದ ಜಾಹೀರಾತು ಎಷ್ಟು ಬಾರಿ ಕಾಣಿಸಿತು ಎಂಬ ಲೆಕ್ಕಕ್ಕೆ ಅದು ಬದಲಾಗಿದೆ. ಲೆಕ್ಕ ಯಾವುದೇ ಇರಲಿ, ಸಾವಿರಾರು ಜನ ನೋಡಿದರೆ ಮಾತ್ರ ಕೈಗೆ ಏನಾದರೂ ದಕ್ಕುತ್ತದೆ.

ಅವಳ ಸೈಟಿನ ಪುಟಗಳು ತಿಂಗಳಿಗೆ ಸುಮಾರು ಮೂರು ಸಾವಿರ ಬಾರಿ ತೆರೆಯಲ್ಪಡುತ್ತವೆ ಎಂದು ಹುಡುಗ ಹೇಳಿದ್ದ. ಪ್ರತಿ ಸಾವಿರಕ್ಕೆ ನಲವತ್ತು ರೂಪಾಯಿ ಸಿಗುತ್ತದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಇದು ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ತಿಂಗಳಿಗೆ 120 ರೂಪಾಯಿ ಆಯಿತು. ಆದರೆ ಅದು ತಿಂಗಳು ತಿಂಗಳು ಕೈಸೇರುವುದಿಲ್ಲ. ಖಾತೆಯಲ್ಲಿ ನೂರು ಡಾಲರ್ ಕೂಡಿದ ಮೇಲೆಯೇ ಹಣ ಬ್ಯಾಂಕಿಗೆ ಬರುವುದು. ನೂರು ಡಾಲರ್ ಎಂದರೆ ಎಂಟೂವರೆ ಸಾವಿರ ರೂಪಾಯಿಗೂ ಮಿಕ್ಕಿ. ತಿಂಗಳಿಗೆ 120ರಂತೆ ಅಷ್ಟು ಕೂಡಲು ಹೆಚ್ಚುಕಡಿಮೆ ಆರು ವರ್ಷ ಬೇಕು!

"ಆರು ವರ್ಷವಾ ಟೀಚರ್?" ಎಂದು ಅವಳು ನಕ್ಕಳು. "ಅಷ್ಟರಲ್ಲಿ ಮಗಳ ಕಾಲೇಜು ಮುಗಿದಿರುತ್ತದೆ."

ಬಂದಷ್ಟು ಬರಲಿ, ನಷ್ಟವೇನಿದೆ ಎಂದು ಗಂಡ ಕೇಳಿದನಂತೆ. ನ್ಯಾಯವಾದ ಪ್ರಶ್ನೆ. ಆದರೆ ನಷ್ಟ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಈ ಜಾಹೀರಾತುಗಳನ್ನು ಆರಿಸುವುದು ಮನುಷ್ಯರಲ್ಲ, ಯಂತ್ರ. ಪುಟದಲ್ಲಿ ಏನು ಬರೆದಿದೆ ಎಂದು ಅದು ಓದುತ್ತದೆ. ಅವಳ ಪುಟದ ತುಂಬಾ ಇರುವುದು ಮಡಿಕೇರಿ, ಹೋಮ್‌ಸ್ಟೇ, ಅಬ್ಬಿ ಜಲಪಾತ, ರಾಜಾಸೀಟ್ ಎಂಬ ಪದಗಳು. ಹಾಗಾದರೆ ಅಲ್ಲಿ ಯಾರ ಜಾಹೀರಾತು ಬರುವ ಸಾಧ್ಯತೆ ಹೆಚ್ಚು? ಮಡಿಕೇರಿಯ ಇನ್ನೊಂದು ಹೋಟೆಲಿನದ್ದು, ಕೋಣೆ ಕಾದಿರಿಸುವ ದೊಡ್ಡ ಕಂಪೆನಿಯದ್ದು. ಬೆಂಗಳೂರಿನ ಒಂದು ಕುಟುಂಬ ಹುಡುಕಿ ಹುಡುಕಿ ಇವಳ ಪುಟಕ್ಕೆ ಬರುತ್ತದೆ, ಚಿತ್ರ ನೋಡುತ್ತದೆ, ಇನ್ನೇನು ಫೋನ್ ಮಾಡಬೇಕು ಎನ್ನುವಾಗ ಪಕ್ಕದಲ್ಲಿ 'ಮಡಿಕೇರಿಯಲ್ಲಿ ಕೋಣೆಗಳು, ರಿಯಾಯಿತಿ ದರ' ಎಂದು ಕಾಣುತ್ತದೆ. ಅದನ್ನು ಒತ್ತಿ ಹೊರಟುಹೋಗುತ್ತದೆ. ಇವಳಿಗೆ ಸಿಗುವುದು ಕೆಲವು ಪೈಸೆ, ಹೆಚ್ಚೆಂದರೆ ಕೆಲವು ರೂಪಾಯಿ. ಹೋದದ್ದು? ಒಂದು ಕೋಣೆಗೆ ಅವಳು ಪಡೆಯುವುದು ರಾತ್ರಿಗೆ 2500 ರೂಪಾಯಿ. ತಿಂಗಳಿಗೆ 120ರ ಲೆಕ್ಕದಲ್ಲಿ ವರ್ಷವಿಡೀ ಬರುವುದು 1440. ವರ್ಷಕ್ಕೆ ಒಬ್ಬನೇ ಒಬ್ಬ ಅತಿಥಿ ಹೀಗೆ ಕೈತಪ್ಪಿದರೂ ಇಡೀ ವರ್ಷದ ಜಾಹೀರಾತಿನ ಆದಾಯಕ್ಕಿಂತ ಹೆಚ್ಚು ಹೋಯಿತು. ಅಂಗಳಕ್ಕೆ ಬಂದ ಅತಿಥಿಗೆ ಪಕ್ಕದ ಮನೆಯ ದಾರಿ ತೋರಿಸಿ ನಾಲ್ಕಾಣೆ ಪಡೆದಂತೆ ಇದು.

ಇನ್ನೊಂದು ಲೆಕ್ಕವೂ ಇದೆ. ದೊಡ್ಡ ಬುಕಿಂಗ್ ಕಂಪೆನಿಗಳ ಮೂಲಕ ಅತಿಥಿ ಬಂದರೆ ಅವರಿಗೆ ಕಮಿಷನ್ ಕೊಡಬೇಕು. ನೂರಕ್ಕೆ ಹದಿನೈದು ಎಂದಿಟ್ಟುಕೊಂಡರೆ 2500ರಲ್ಲಿ 375 ರೂಪಾಯಿ ಅವರಿಗೆ. ಅದೇ ಅತಿಥಿ ಇವಳ ಸ್ವಂತ ಸೈಟ್ ನೋಡಿ ನೇರವಾಗಿ ಫೋನ್ ಮಾಡಿದರೆ ಆ 375 ಮನೆಯಲ್ಲೇ ಉಳಿಯುತ್ತದೆ. ಮೂರು ತಿಂಗಳ ಜಾಹೀರಾತಿನ ಆದಾಯಕ್ಕಿಂತ ಹೆಚ್ಚು, ಅದೂ ಒಂದೇ ರಾತ್ರಿಯಲ್ಲಿ. ಸ್ವಂತ ವೆಬ್‌ಸೈಟ್ ಇರುವುದೇ ಇದಕ್ಕಾಗಿ. ಬಂದವರು ಅಲ್ಲೇ ನಿಲ್ಲುವಂತೆ ಮಾಡಬೇಕೇ ಹೊರತು ಹೊರಗೆ ಹೋಗುವ ಬಾಗಿಲುಗಳನ್ನು ತೆರೆದಿಡುವುದಲ್ಲ.

ಹಾಗಾದರೆ ಜಾಹೀರಾತಿನಿಂದಲೇ ಬದುಕುವ ಪ್ರವಾಸದ ಸೈಟುಗಳು ಇಲ್ಲವೇ? ಇವೆ. 2000ದಲ್ಲಿ ಆರಂಭವಾದ ಟ್ರಿಪ್‌ಅಡ್ವೈಸರ್ ಪ್ರವಾಸಿಗರ ಅಭಿಪ್ರಾಯಗಳನ್ನು ಸಂಗ್ರಹಿಸಿ, ಓದಲು ಬಂದವರನ್ನು ಹೋಟೆಲುಗಳ ಕಡೆ, ಬುಕಿಂಗ್ ಕಂಪೆನಿಗಳ ಕಡೆ ಕಳುಹಿಸಿ ಹಣ ಗಳಿಸುತ್ತಾ ಬೆಳೆಯಿತು. ಅಲ್ಲಿಗೆ ಜಗತ್ತಿನ ಮೂಲೆ ಮೂಲೆಯಿಂದ ಕೋಟ್ಯಂತರ ಜನ ಬರುತ್ತಾರೆ. ಆದರೆ 2008ರಲ್ಲಿ ಆರಂಭವಾದ ಏರ್‌ಬಿಎನ್‌ಬಿ, ಮನೆಗಳನ್ನೇ ಬಾಡಿಗೆಗೆ ಕೊಡಿಸುವ ಕಂಪೆನಿ, ಮುಖ್ಯವಾಗಿ ಗಳಿಸುವುದು ಪ್ರತಿ ಬುಕಿಂಗ್‌ನ ಸೇವಾ ಶುಲ್ಕದಿಂದ. ಮಾಹಿತಿ ಕೊಡುವ ಸೈಟಿಗೆ ಓದುಗ ಮುಂದೆ ಎಲ್ಲಿಗೆ ಹೋದರೂ ಲಾಭವೇ. ಕೋಣೆ ಕೊಡುವ ಸೈಟಿಗೆ ಅತಿಥಿ ಅಲ್ಲೇ ಕೋಣೆ ಹಿಡಿದರೆ ಮಾತ್ರ ಲಾಭ. ನಿನ್ನದು ಎರಡನೆಯದು, ಮೊದಲನೆಯವರ ದಾರಿ ನಿನಗೆ ಹೊಂದುವುದಿಲ್ಲ ಎಂದೆ.

ಮಾಮಿ ಬೇಡ ಎಂದದ್ದು ಮಾತ್ರ ಈ ಲೆಕ್ಕದಿಂದಲ್ಲ. "ನಮ್ಮ ಗೋಡೆಗೆ ಯಾರು ಏನು ಅಂಟಿಸುತ್ತಾರೆಂದು ನಮಗೆ ಗೊತ್ತಿರುವುದು ಬೇಡವಾ?" ಎಂಬುದು ಅವರ ಮಾತು. ಓದು ಬರಹ ಅಷ್ಟಾಗಿ ಇಲ್ಲದ ಆ ಹಿರಿಯ ಜೀವ ಆಡಿದ ಮಾತಿನಲ್ಲಿ ದೊಡ್ಡ ಸತ್ಯವಿದೆ. ಯಂತ್ರವು ಪುಟವನ್ನು ಮಾತ್ರವಲ್ಲ, ನೋಡುವವರನ್ನೂ ನೋಡುತ್ತದೆ. ಅವರು ಹಿಂದೆ ಏನೇನು ಹುಡುಕಿದ್ದರು ಎಂಬುದರ ಮೇಲೆ ಜಾಹೀರಾತು ಬದಲಾಗಬಹುದು. ಇವಳ ಫೋನಿನಲ್ಲಿ ಸೀರೆಯ ಜಾಹೀರಾತು ಕಂಡರೆ, ಅದೇ ಪುಟದಲ್ಲಿ ಅತಿಥಿಯ ಫೋನಿನಲ್ಲಿ ನಿಮಿಷದಲ್ಲಿ ಸಾಲ ಕೊಡುವ ಆಪ್‌ನ ಜಾಹೀರಾತು ಕಾಣಬಹುದು. ಬಡ್ಡಿಯ ಹೊರೆ ಬೇಡವೆಂದು ಸಾಲ ಮಾಡದೆ ಎರಡೇ ಕೋಣೆಗೆ ತೃಪ್ತಿಪಟ್ಟ ಮನೆ ಅದು. ಅದರ ಹೆಸರಿನ ಕೆಳಗೆ ಬಡ್ಡಿ ಸಾಲದ ಕರೆ!

ಇದನ್ನು ತಡೆಯಲು ಉಪಾಯಗಳಿವೆ. ಆಡ್‌ಸೆನ್ಸ್‌ನಲ್ಲಿ ಕೆಲವು ಬಗೆಯ ಜಾಹೀರಾತುಗಳು ಬೇಡವೆಂದು ಗುರುತು ಹಾಕಬಹುದು, ನಿರ್ದಿಷ್ಟ ಕಂಪೆನಿಗಳ ವಿಳಾಸ ಕೊಟ್ಟು ತಡೆಯಬಹುದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ 2025ರ ಆಗಸ್ಟ್‌ನಲ್ಲಿ ನಮ್ಮ ಸಂಸತ್ತೇ ಕಾಯ್ದೆ ಮಾಡಿ ನಿಷೇಧಿಸಿತು. ಆದರೂ ಒಂದನ್ನು ತಡೆದರೆ ಹೊಸ ಹೆಸರಿನಲ್ಲಿ ಇನ್ನೊಂದು ಬರುತ್ತದೆ. ತಿಂಗಳಿಗೆ 120 ರೂಪಾಯಿಗಾಗಿ ಆಗಾಗ ಕುಳಿತು ಕಾವಲು ಕಾಯುವ ಪುರುಸೊತ್ತು ಅಡುಗೆ, ಅತಿಥಿ, ಮಕ್ಕಳು ಎಂದು ಓಡಾಡುವ ಅವಳಿಗೆ ಎಲ್ಲಿದೆ?

ಇನ್ನು ಕೆಲವು ಸಂಗತಿಗಳನ್ನೂ ತಿಳಿಸಿದೆ. ಜಾಹೀರಾತು ತುಂಬಿದ ಪುಟ ನಿಧಾನವಾಗಿ ತೆರೆಯುತ್ತದೆ. ಘಟ್ಟದ ದಾರಿಯಲ್ಲಿ ಸಿಗ್ನಲ್ ಬಂದು ಹೋಗುವಾಗ ದಾರಿ ಕೇಳಲು ಫೋನ್ ನಂಬರ್ ಹುಡುಕುವ ಅತಿಥಿಗೆ ಅದು ಕಿರಿಕಿರಿ. ಸಹಾಯ ಮಾಡುತ್ತೇವೆಂದು ತಂಗಿಯರು, ನಾದಿನಿಯರು ಜಾಹೀರಾತನ್ನು ಪದೇ ಪದೇ ಒತ್ತಿದರೆ ನಿಯಮ ಮುರಿದಂತೆ, ಖಾತೆಯನ್ನೇ ಮುಚ್ಚಿಬಿಡಬಹುದು. ಅದು ಜಾಹೀರಾತು ಕೊಟ್ಟವನಿಗೆ ಮಾಡುವ ಮೋಸವೂ ಹೌದು. ಹೊರಗಿನವರು ಅತಿಥಿಗಳ ಜಾಡು ಹಿಡಿಯಲು ನಾವು ಜಾಗ ಕೊಟ್ಟರೆ ಅದನ್ನು ಅವರಿಗೆ ತಿಳಿಸುವ ಹೊಣೆಯೂ ಇದೆ. ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ದೇಶದಲ್ಲಿ ಒಂದು ಕಾಯ್ದೆಯೇ ಆಗಿದೆ.

ಇಷ್ಟು ಹೇಳಿದ ಮೇಲೆ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಂತರ, "ಹಾಗಾದರೆ ಯಾವ ಜಾಹೀರಾತೂ ಬೇಡವಾ ಟೀಚರ್? ವೆಬ್‌ಸೈಟ್ ನವೀಕರಣಕ್ಕೇ ವರ್ಷಕ್ಕೆ ಆರು ಸಾವಿರ ಕೇಳುತ್ತಾರೆ" ಎಂದಳು. ಧ್ವನಿ ಸಣ್ಣದಾಗಿತ್ತು. ಬೇಡ ಎಂದು ಹೇಳುವುದು ಸುಲಭ. ಆರು ಸಾವಿರ ಹೊಂದಿಸುವುದು ಅವಳ ಪಾಡು. ಆದ್ದರಿಂದ ಬೇರೊಂದು ದಾರಿ ಯೋಚಿಸಿದೆವು.

ಅತಿಥಿಗಳು ಅವಳಲ್ಲಿ ಕೇಳುವುದು ಏನು? ಒಳ್ಳೆಯ ಜೇನು ಎಲ್ಲಿ ಸಿಗುತ್ತದೆ, ಕಾಫಿಪುಡಿ ಎಲ್ಲಿ ಕೊಳ್ಳಲಿ, ಮಾಂದಲಪಟ್ಟಿಗೆ ಜೀಪು ಯಾರದ್ದು. ಈ ಅಂಗಡಿಯವರು ಅವಳ ಪ್ರತಿಸ್ಪರ್ಧಿಗಳಲ್ಲ. ಅವರಿಂದ ನೇರವಾಗಿ ತಿಂಗಳಿಗಿಷ್ಟು ಎಂದು ಪಡೆದು, 'ಊರಿನ ಪರಿಚಯ' ಎಂಬ ಒಂದೇ ಪುಟದಲ್ಲಿ ಜಾಗ ಕೊಡಬಹುದು. ಮಧ್ಯವರ್ತಿ ಇಲ್ಲ, ಯಂತ್ರ ಇಲ್ಲ. ಏನು ಹಾಕುತ್ತೇವೆಂದು ನಮಗೆ ಗೊತ್ತಿರುತ್ತದೆ.

ಆದರೆ ಮೂರು ಷರತ್ತು ಹೇಳಿದೆ. ಒಂದು, ಹಣ ಪಡೆದು ಹಾಕಿದ್ದರ ಮೇಲೆ 'ಜಾಹೀರಾತು' ಎಂದು ಸ್ಪಷ್ಟವಾಗಿ ಬರೆಯಬೇಕು. ಹಣ ಪಡೆದು, ಸ್ವಂತ ಅಭಿಪ್ರಾಯದಂತೆ ಹೊಗಳುವುದು ಅತಿಥಿಗೆ ಮಾಡುವ ವಂಚನೆ. ಕೇಂದ್ರ ಸರಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ಆನ್‌ಲೈನ್ ತಂತ್ರಗಳನ್ನು ಪಟ್ಟಿ ಮಾಡಲಾಗಿದೆ. ವೇಷ ಮರೆಸಿದ ಜಾಹೀರಾತು ಅವುಗಳಲ್ಲೊಂದು. ಕೋಣೆಗಳು ಖಾಲಿ ಇದ್ದರೂ 'ಒಂದೇ ಉಳಿದಿದೆ, ಬೇಗ ಮಾಡಿ' ಎಂದು ಅವಸರಪಡಿಸುವುದು ಮತ್ತೊಂದು. ಎರಡು, ಕೋಣೆಯ ದರ, ಫೋನ್ ನಂಬರ್ ಇರುವ ಪುಟದಲ್ಲಿ ಯಾವ ಜಾಹೀರಾತೂ ಇರಬಾರದು. ಮೂರು, ತಾವು ಬಳಸಿ ನೋಡಿದ್ದನ್ನು ಮಾತ್ರ ಹಾಕಬೇಕು.

ಮೂರನೆಯ ಷರತ್ತೇ ಕಷ್ಟದ್ದಾಯಿತು. ಒಬ್ಬ ಜೀಪಿನವನು ತಿಂಗಳಿಗೆ ಸಾವಿರ ರೂಪಾಯಿ ಕೊಡುತ್ತೇನೆಂದು ತಾನಾಗಿಯೇ ಬಂದನಂತೆ. ಅದೊಂದೇ ಸಾಕಿತ್ತು, ವರ್ಷದ ಖರ್ಚು ಕಳೆದು ಆರು ಸಾವಿರ ಉಳಿಯುತ್ತಿತ್ತು. ಗಂಡ ಒಪ್ಪಿಯೂ ಆಗಿತ್ತು. ಆದರೆ ಮಳೆಯಲ್ಲಿ, ಆ ಕಡಿದಾದ ದಾರಿಯಲ್ಲಿ ಅವನು ಜೀಪು ಓಡಿಸುವ ರೀತಿ ಊರಿಗೆಲ್ಲಾ ಗೊತ್ತು. "ನಮ್ಮ ಮಕ್ಕಳನ್ನು ಅವನ ಜೀಪಿನಲ್ಲಿ ಕಳುಹಿಸುತ್ತೇವಾ?" ಎಂದು ಮಾಮಿ ಕೇಳಿದರಂತೆ. ಯಾರೂ ಮಾತಾಡಲಿಲ್ಲ. ನಮ್ಮ ಮಾತು ನಂಬಿ ಹೋದವರಿಗೆ ಏನಾದರೂ ಆದರೆ, ಜಾಹೀರಾತು ಎಂದು ಬರೆದಿದ್ದೆವಲ್ಲಾ ಎಂದು ಕೈತೊಳೆದುಕೊಳ್ಳಲು ಆಗುತ್ತದೆಯೇ? ಮನೆಗೆ ಬಂದ ಅತಿಥಿಯ ಕ್ಷೇಮ ಮನೆಯವರ ಕೈಯಲ್ಲಿರುವ ಅಮಾನತ್ತು. ಸಾವಿರ ರೂಪಾಯಿ ಬಿಟ್ಟುಬಿಟ್ಟರು.

ಈಗ ಆ ಪುಟದಲ್ಲಿ ಇರುವುದು ಎರಡೇ ಜಾಹೀರಾತು. ಜೇನು ಮಾರುವ ಒಬ್ಬ ನೆರೆಮನೆಯಾಕೆಯದ್ದು, ಕಾಫಿಪುಡಿಯ ಅಂಗಡಿಯದ್ದು. ತಲಾ 250 ರೂಪಾಯಿ. ವರ್ಷಕ್ಕೆ ಆರು ಸಾವಿರವಾಗುತ್ತದೆ, ವೆಬ್‌ಸೈಟಿನ ಖರ್ಚಿಗೆ ಸರಿಹೋಗುತ್ತದೆ. ಮಗಳ ಶುಲ್ಕಕ್ಕೆ ಇದರಿಂದ ಒಂದು ರೂಪಾಯಿಯೂ ಸಿಗುವುದಿಲ್ಲ, ನಿಜ. ಅದಕ್ಕಾಗಿ ಮಳೆಗಾಲದ ದರವನ್ನು ಸ್ವಲ್ಪ ಇಳಿಸಿ, ಹಿಂದೆ ಬಂದು ಹೋದ ಅತಿಥಿಗಳಿಗೆ ಅವಳೇ ಒಬ್ಬೊಬ್ಬರಿಗಾಗಿ ಸಂದೇಶ ಕಳುಹಿಸಿದಳು. ಮಳೆ ನೋಡಲೆಂದೇ ಎರಡು ಕುಟುಂಬಗಳು ಬಂದವು. ಶುಲ್ಕದ ಅರ್ಧ ಹೊಂದಿತು, ಉಳಿದರ್ಧಕ್ಕೆ ಅಣ್ಣ ಕೈ ನೀಡಿದ.

ಸಹೋದರಿಯರೇ, ಉದ್ಯಮ ಸಣ್ಣದಿರುವಾಗ 'ಸುಮ್ಮನೆ ಬರುವ ದುಡ್ಡು' ಎಂಬ ಮಾತು ಬಹಳ ಸಿಹಿಯಾಗಿ ಕೇಳಿಸುತ್ತದೆ. ಅಂಥ ಮಾತು ಯಾರಾದರೂ ಹೇಳಿದರೆ ಒಂದು ಕಾಗದ, ಒಂದು ಪೆನ್ನು ತೆಗೆದುಕೊಂಡು ಕುಳಿತುಕೊಳ್ಳಿ. ಬರುವುದೆಷ್ಟು, ಯಾವಾಗ ಕೈಸೇರುತ್ತದೆ, ಅದಕ್ಕಾಗಿ ಹೋಗುವುದೇನು ಎಂದು ಬರೆಯಿರಿ. ಕೊನೆಯ ಸಾಲಿನಲ್ಲಿ ಇನ್ನೊಂದನ್ನು ಬರೆಯಿರಿ: ನನ್ನ ಹೆಸರಿನ ಕೆಳಗೆ ಕಾಣುವುದನ್ನು ನನ್ನ ಮಕ್ಕಳಿಗೆ ತೋರಿಸಬಲ್ಲೆನೇ? ಲೆಕ್ಕ ಬಾರದ ಆ ಮಾಮಿ ಮೊದಲು ಕೇಳಿದ್ದು ಈ ಕೊನೆಯ ಸಾಲನ್ನೇ. ನಾನು ಒಂದು ವಾರ ಓದಿ, ಲೆಕ್ಕ ಹಾಕಿ ತಲುಪಿದ್ದೂ ಅಲ್ಲಿಗೇ.