ಅಂಜಿಕೆಯ ಹೊಣೆ ಅಮಿಗ್ಡಾಲದ ತಲೆಗೆ

ನೀಟ್ ತರಬೇತಿಯ ಊರಾಗಿ ಬೆಳೆದಿರುವ ಬೀದರಿನಲ್ಲಿ ಪ್ರೇರಣಾ ಭಾಷಣಗಳಿಗೆ ಬರವಿಲ್ಲ. ಅವುಗಳಲ್ಲಿ ಮತ್ತೆಮತ್ತೆ ಕೇಳುವ ಮಾತೊಂದಿದೆ: ನಿಮ್ಮ ತಲೆಯೊಳಗೆ ಹಲ್ಲಿಯ ಮಿದುಳಿದೆ, ಅದರಲ್ಲಿ ಅಮಿಗ್ಡಾಲ ಎಂಬ ಭಯದ ಸ್ವಿಚ್ಚಿದೆ, ಪರೀಕ್ಷೆಯ ದಿನ ಅದು ನಿಮ್ಮನ್ನು ಹೈಜಾಕ್ ಮಾಡುತ್ತದೆ, ಅದನ್ನು ಗೆದ್ದವನೇ ಡಾಕ್ಟರ್. ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಂದ ಬಂದ ಮಕ್ಕಳು ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದನ್ನು ನೋಡಿದ್ದೇನೆ. ಮಿದುಳು ಮತ್ತು ಭಾವನೆಯ ಸಂಬಂಧವನ್ನೇ ಸಂಶೋಧನೆಗೆ ಆರಿಸಿಕೊಂಡವನಾಗಿ ಹೇಳುತ್ತೇನೆ: ಇದು ವಿಜ್ಞಾನವೂ ಅಲ್ಲ, ನ್ಯಾಯವೂ ಅಲ್ಲ.

ಮೊದಲು ವಿಜ್ಞಾನ. ಸರೀಸೃಪದ ಮಿದುಳು, ಅದರ ಮೇಲೆ ಸಸ್ತನಿಯದು, ಅದರ ಮೇಲೆ ಮನುಷ್ಯನದು ಎಂಬ ಮೂರಂತಸ್ತಿನ ಮನೆಯನ್ನು ಅಮೆರಿಕದ ಪಾಲ್ ಮ್ಯಾಕ್ಲೀನ್ 1960ರ ದಶಕದಲ್ಲಿ ಕಟ್ಟಿದರು. ವಿಕಾಸ ಹೀಗೆ ಅಂತಸ್ತು ಏರಿಸುವುದಿಲ್ಲ. ಹಳೆಯ ಭಾಗಗಳೂ ಹೊಸವುಗಳ ಜೊತೆಗೇ ಬದಲಾಗುತ್ತ ಬಂದಿವೆ. ‘ಹೈಜಾಕ್’ ಎಂಬ ಮಾತನ್ನು ಮನೆಮಾತಾಗಿಸಿದ್ದು 1995ರಲ್ಲಿ ಬಂದ ಡೇನಿಯಲ್ ಗೋಲ್‌ಮನ್ ಅವರ ಪುಸ್ತಕ. ಅದರ ಬೆನ್ನಿಗಿದ್ದ ಪ್ರಯೋಗಗಳು ಜೋಸೆಫ್ ಲೆಡೂ ಅವರವು. ಅದೇ ಲೆಡೂ ಈಗ ಅಮಿಗ್ಡಾಲವನ್ನು ಭಯದ ಕೇಂದ್ರ ಎನ್ನಬೇಡಿ ಎನ್ನುತ್ತಾರೆ. ಅವರ ಪ್ರಕಾರ ಅದು ಅಪಾಯ ಗುರುತಿಸಿ ಮೈಯನ್ನು ಸಜ್ಜುಗೊಳಿಸುವ ಸರ್ಕೀಟಿನ ಒಂದು ಕೊಂಡಿ. ‘ನನಗೆ ಅಂಜಿಕೆಯಾಗಿದೆ’ ಎಂಬ ಅನುಭವ ಮೂಡಲು ಮಿದುಳಿನ ಹೊರಪದರವೂ ಬೇಕು.

ಅಪರೂಪದ ಕಾಯಿಲೆಯಿಂದ ಎರಡೂ ಬದಿಯ ಅಮಿಗ್ಡಾಲ ಕಳೆದುಕೊಂಡ ಅಮೆರಿಕದ ಒಬ್ಬ ಮಹಿಳೆಗೆ ಹಾವು, ಜೇಡ, ಭೂತದ ಸಿನಿಮಾ ಯಾವುದೂ ಹೆದರಿಕೆ ತರುತ್ತಿರಲಿಲ್ಲ. ಆದರೆ 35% ಇಂಗಾಲದ ಡೈಆಕ್ಸೈಡ್ ಇದ್ದ ಗಾಳಿಯನ್ನು ಒಮ್ಮೆ ಉಸಿರೆಳೆದಾಗ ಆಕೆ ಕಂಗೆಟ್ಟುಹೋದಳು. ಇದು 2013ರಲ್ಲಿ ಪ್ರಕಟವಾದ ಫಲಿತಾಂಶ. ಸ್ವಿಚ್ಚೇ ಇಲ್ಲದ ತಲೆಯಲ್ಲಿ ಅಂಜಿಕೆ ಹೊತ್ತಿಕೊಂಡಿದ್ದು ಹೇಗೆ?

ಏಕೆಂದರೆ ಬಾದಾಮಿಯಷ್ಟು ಗಾತ್ರದ ಆ ಅಂಗ ಒಂಟಿಯಲ್ಲ. ಇದು ಯಾವ ಜಾಗ, ಹಿಂದೆ ಇಲ್ಲಿ ಏನಾಗಿತ್ತು ಎಂದು ಹಿಪೊಕ್ಯಾಂಪಸ್ ನೆನಪಿಸುತ್ತದೆ. ಹೈಪೊಥಲಾಮಸ್ ಎದೆಬಡಿತ ಏರಿಸುತ್ತದೆ. ಇನ್ಸುಲಾ ಮೈಯೊಳಗಿನ ಸುದ್ದಿ ಓದುತ್ತದೆ. ಹಣೆಯ ಹಿಂದಿನ ಭಾಗ ಇದನ್ನೆಲ್ಲ ತೂಗಿನೋಡುತ್ತದೆ. ಎದೆ ಝಲ್ಲೆಂದಿತು, ಕರುಳು ಚುರುಕ್ಕೆಂದಿತು ಎನ್ನುವ ನಮ್ಮ ಆಡುಮಾತು ಭಾಷಣಕಾರರ ಸ್ವಿಚ್ಚಿಗಿಂತ ಸತ್ಯಕ್ಕೆ ಹತ್ತಿರವಾಗಿದೆ.

ಇನ್ನು ನ್ಯಾಯ. ಔರಾದಿನ ಕಡೆಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಹತ್ತನೆಯ ತರಗತಿವರೆಗೆ ಓದಿದ್ದು ಕನ್ನಡದಲ್ಲೋ ಮರಾಠಿಯಲ್ಲೋ. ಈಗ ಭೌತಶಾಸ್ತ್ರ ಇಂಗ್ಲಿಷಿನಲ್ಲಿ. ಅಪ್ಪನ ಸಾಲ ಮಳೆ ನಂಬಿದ ತೊಗರಿ, ಸೋಯಾ ಹೊಲದ ಮೇಲಿದೆ. ಎದುರಿಗೆ 180 ಪ್ರಶ್ನೆ, ತಪ್ಪಿದರೆ ಇದ್ದ ಅಂಕವೂ ಕಡಿತ. ಅವಳಿಗೆ ಅಂಜಿಕೆಯಾದರೆ ಸರ್ಕೀಟು ಕೆಟ್ಟಿದೆ ಎಂದರ್ಥವೇ? ಅದು ಪರಿಸ್ಥಿತಿಯನ್ನು ಸರಿಯಾಗಿಯೇ ಓದುತ್ತಿದೆ. ಭಾಷಣಕಾರರು ಮಾತ್ರ ಶುಲ್ಕ, ಭಾಷೆ, ಸಾಲ ಮೂರನ್ನೂ ಬದಿಗೆ ಸರಿಸಿ ಕೆಟ್ಟಿರುವುದು ನಿನ್ನ ತಲೆ ಎನ್ನುತ್ತಾರೆ. ಸೋತರೆ ಅವಳೊಬ್ಬಳೇ ಹೊಣೆ.

ಈ ನೆಲಕ್ಕೆ ಬೇರೆ ಪಾಠವೂ ಗೊತ್ತಿದೆ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಅಂಜಿಕೆಯ ಕಾರಣ ಹೊರಗಿತ್ತು, ಉಪಾಯವನ್ನೂ ಅಲ್ಲೇ ಹುಡುಕಿದರು. ಮಕ್ಕಳ ತಲೆ ರಿಪೇರಿಗೆ ಹೋಗಲಿಲ್ಲ.

‘ಸುಳ್ಳಾದರೂ ಧೈರ್ಯ ಬರುತ್ತದಲ್ಲ, ನಿಮಗೇನು ನಷ್ಟ?’ ಎನ್ನುವವರಿದ್ದಾರೆ. ಬರುವುದಿಲ್ಲ ಎಂಬುದೇ ನನ್ನ ತಕರಾರು. ಕಲಿತ ಅಂಜಿಕೆ ಅಳಿಸಿಹೋಗುವುದಿಲ್ಲ. ಅದರ ಪಕ್ಕದಲ್ಲಿ ‘ಇಲ್ಲಿ ಅಪಾಯವಿಲ್ಲ’ ಎಂಬ ಹೊಸ ನೆನಪು ಬೆಳೆಯಬೇಕು. ಆ ನೆನಪು ಬಹುಮಟ್ಟಿಗೆ ಜಾಗಕ್ಕೆ ಅಂಟಿಕೊಂಡಿರುತ್ತದೆ. ಫಂಕ್ಷನ್ ಹಾಲಿನ ಚಪ್ಪಾಳೆ ಪರೀಕ್ಷೆಯ ಕೋಣೆಯವರೆಗೆ ಬರುವುದಿಲ್ಲ. ಪರೀಕ್ಷೆಯಂಥದೇ ಕೋಣೆಯಲ್ಲಿ ಮತ್ತೆಮತ್ತೆ ಕೂರಿಸಿ, ತಪ್ಪಿದರೆ ಅವಮಾನ ಮಾಡದೆ, ಅರ್ಥವಾಗದ್ದನ್ನು ಅವಳ ಭಾಷೆಯಲ್ಲಿ ಬಿಡಿಸಿ ಹೇಳಿದರೆ ಅದು ಬೆಳೆದೀತು. ಗೋಡೆಗೆ ರ‍್ಯಾಂಕ್ ಪಟ್ಟಿ ಅಂಟಿಸಿ ‘ಅಂಜಬೇಡಿ’ ಎನ್ನುವವರು ಇದಕ್ಕೆ ವಿರುದ್ಧವಾದದ್ದನ್ನೇ ಕಲಿಸುತ್ತಿದ್ದಾರೆ.

ಉಸಿರಾಟದ ಅಭ್ಯಾಸ, ಆಪ್ತಸಮಾಲೋಚನೆ, ಬೇಕಾದವರಿಗೆ ಔಷಧಿ ಯಾವುದೂ ಬೇಡವೆನ್ನುತ್ತಿಲ್ಲ. ನಮ್ಮದೇ ಕಲ್ಯಾಣ ಕರ್ನಾಟಕದ ಬಳ್ಳಾರಿಯಲ್ಲಿ ನಿಮ್ಹಾನ್ಸ್ 1985ರಲ್ಲೇ ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಒಯ್ದಿತ್ತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಇಂದು 14416ಕ್ಕೆ ಕರೆ ಮಾಡಿದರೆ ಟೆಲಿ ಮನಸ್ ಸಿಗುತ್ತದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕಾದದ್ದು ಆ ಸಂಖ್ಯೆ.

ಮುಂದಿನ ಸಲ ವೇದಿಕೆಯಿಂದ ಹಲ್ಲಿಯ ಮಿದುಳಿನ ಕಥೆ ಕೇಳಿಬಂದರೆ ಹಿಂದಿನ ಬೆಂಚಿನಿಂದ ಯಾರಾದರೂ ಕೈಯೆತ್ತಬೇಕು: ಶುಲ್ಕದ ಎರಡನೇ ಕಂತು ಯಾವ ಮಿದುಳಿನಾಗ ಅದ, ಸರ್?