ಅವಳ ಕಾಲೇಜು ನಿಲ್ಲಿಸಬೇಡಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ತಂದೆತಾಯಂದಿರೇ, ಮೇಷ್ಟ್ರುಗಳೇ, ಕಾಲೇಜಿಗೆ ಹೋಗುವ ಮಕ್ಕಳೇ,

ಪಾಂಡವಪುರದ ಬಸ್ ನಿಲ್ದಾಣದಲ್ಲಿ ಒಂದು ಸಂಜೆ ಕಂಡದ್ದು. ಬ್ಯಾಗು ಹೊತ್ತ ಹುಡುಗಿಯೊಬ್ಬಳು ತನ್ನೂರಿನ ಬಸ್ಸು ಬಂದದ್ದೇ ಎದ್ದು ಬಾಗಿಲವರೆಗೂ ಹೋದಳು. ಒಳಗಿದ್ದ ಹುಡುಗನನ್ನು ಕಂಡವಳೇ ವಾಪಸ್ ಬಂದು ಕೂತಳು. "ಮನೇಲಿ ಹೇಳ್ಬಾರ್ದೇನೇ?" ಅಂದಳು ಗೆಳತಿ. "ಹೇಳುದ್ರೆ ನಾಳೆಯಿಂದ ಕಾಲೇಜೇ ಬ್ಯಾಡ ಅಂತಾರೆ ಕಣೇ." ಮುಂದಿನ ಬಸ್ಸು ಬರುವಷ್ಟರಲ್ಲಿ ಕತ್ತಲಾಗಿತ್ತು.

ಅವಳ ಭಯ ಸುಮ್ಮನೆ ಹುಟ್ಟಿದ್ದಲ್ಲ. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನ ಆವರಣದಲ್ಲೇ ಎಂಸಿಎ ವಿದ್ಯಾರ್ಥಿನಿಯೊಬ್ಬಳು ಚಾಕು ಇರಿತಕ್ಕೆ ಬಲಿಯಾದಳು. ಅದೇ ವರ್ಷದ ಜನವರಿಯಲ್ಲಿ ನಮ್ಮ ಮೇಲುಕೋಟೆಯ ಬೆಟ್ಟದ ತಪ್ಪಲಲ್ಲಿ ಶಿಕ್ಷಕಿಯೊಬ್ಬರ ಶವ ಸಿಕ್ಕಿತು. ಅಲ್ಲಿ ಬಂಧಿತನಾದವನು ಹಳೆಯ ಸಹಪಾಠಿ, ಇಲ್ಲಿ ಪರಿಚಯದ ಹುಡುಗ. ಎಲ್ಲಿಂದಲೋ ಬಂದವರಲ್ಲ.

ಕೊಲ್ಲುವ ಮಟ್ಟಕ್ಕೆ ಹೋಗುವ ಇಂಥ ಸಿಟ್ಟು ಬಹಳ ಸಲ ಮೊದಲೇ ಕಣ್ಣಿಗೆ ಬೀಳುತ್ತದೆ. ಬೇಡ ಅಂದ ಮೇಲೂ ಹೊಸ ಹೊಸ ನಂಬರಿನಿಂದ ಫೋನು, ಗೇಟಿನ ಹತ್ತಿರ ಕಾಯುವುದು, ಕೈ ಕುಯ್ದುಕೊಂಡು ಫೋಟೊ ಕಳಿಸುವುದು, ನನಗೆ ಸಿಗದವಳು ಯಾರಿಗೂ ಸಿಗಬಾರದು ಎಂಬ ಸ್ಟೇಟಸ್. ಇವೆಲ್ಲಕ್ಕಿಂತ ನನಗೆ ಭಯ ಹುಟ್ಟಿಸುವುದು "ಕೊನೇ ಸಲ ಸಿಗು, ಆಮೇಲೆ ನಿನ್ ತಂಟೆಗೆ ಬರಲ್ಲ" ಎಂಬ ಮಾತು. ಒಬ್ಬಳೇ ಹೋಗಬೇಡ ತಾಯಿ. ಮೆಸೇಜು ಅಳಿಸಲೂ ಬೇಡ, ನಾಳೆ ಅದೇ ಸಾಕ್ಷಿ.

ಗಂಡುಮಕ್ಕಳೇ, ಆ ಸ್ಟೇಟಸ್ ಮೊದಲು ನೋಡುವವರು ನೀವು. "ಸರಿ ಹೋಯ್ತಾನೆ ಬುಡ್ಲಾ" ಅಂತ ಬಿಡಬೇಡಿ. ಅವನ ಪಕ್ಕ ಕೂತು ಮಾತಾಡಿಸಿ, ಮನಸ್ಸು ಕೆಟ್ಟಿದ್ದರೆ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಫೋನು ಹಚ್ಚಿಕೊಡಿ. ಚಾಕು, ಆಸಿಡ್ಡು, ಸಾಯಿಸುವ ಮಾತು ಬಂದರೆ ಸ್ನೇಹ ನೋಡಬೇಡಿ, ತಕ್ಷಣ 112ಕ್ಕೆ ತಿಳಿಸಿ. ಅದು ಅವನನ್ನೂ ಉಳಿಸುತ್ತದೆ.

ಅಪ್ಪ ಅಮ್ಮಂದಿರಲ್ಲಿ ಕೈಮುಗಿದು ಕೇಳುವುದು ಒಂದಿದೆ. ಮಗಳು ಬಾಯಿ ಬಿಟ್ಟ ದಿನ ಓದು ಬಿಡಿಸಿ ಗಂಡು ಹುಡುಕಬೇಡಿ. ಆ ಹುಡುಗನನ್ನು ನಾಲ್ಕು ಜನ ಸೇರಿ ಬಡಿಯುವುದೂ ಬೇಡ. ಅವಮಾನ ಹೊತ್ತುಕೊಂಡು ಹೋದವನ ಕೋಪ ನಿಮ್ಮ ಮೇಲಲ್ಲ, ಅವಳ ಮೇಲೆ ತಿರುಗುತ್ತದೆ. ಚಾವಡಿಯಲ್ಲಿ ಮುಚ್ಚಳಿಕೆ ಬರೆಸಿಕೊಂಡು ಮುಗಿಯಿತು ಅಂದುಕೊಳ್ಳಬೇಡಿ. ಬೇಡವೆಂದರೂ ಬೆನ್ನು ಹತ್ತುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ, ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು. ಠಾಣೆಗೆ ಮಗಳ ಜೊತೆ ನೀವೇ ಹೋಗಿ. ಇವತ್ತು ಊಟಕ್ಕೆ ಕೂತಾಗಲೇ ಹೇಳಿಬಿಡಿ: "ಏನೇ ಆಗ್ಲಿ, ನಿನ್ ಕಾಲೇಜ್ ನಿಲ್ಸಲ್ಲ ಕಣವ್ವ."

ಮೇಷ್ಟ್ರೇ, ಆಂತರಿಕ ದೂರು ಸಮಿತಿಯ ಹೆಸರುಗಳು ಗೋಡೆಯ ಮೇಲೆ ಮಾಸಿದ್ದರೆ ಹೊಸದಾಗಿ ಬರೆಸಿ. ಘಟನೆ ನಡೆದ ಮೂರು ತಿಂಗಳೊಳಗೆ ಈ ಸಮಿತಿಗೆ ದೂರು ಕೊಡಬೇಕೆಂಬುದು ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ. ನಿಮ್ಮ ಜವಾನರಿಗೆ, ಕ್ಯಾಂಟೀನಿನವರಿಗೆ ನಿಮಗಿಂತ ಹೆಚ್ಚು ಕಾಣುತ್ತದೆ, ಅವರನ್ನೂ ಕೇಳಿ.

ಕಂಡಕ್ಟರಣ್ಣ, 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನಮ್ಮ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆಯಿಲ್ಲ. ಬಾಗಿಲವರೆಗೂ ಬಂದವಳು ಹಿಂದಕ್ಕೆ ತಿರುಗಿದರೆ "ಯಾಕವ್ವ?" ಅಂತ ಕೇಳಿ. ಮುಂದಿನ ಸೀಟು ಬಿಡಿಸಿ, ಕೂರಿಸಿಕೊಂಡು ಹೊರಡಿ.