ಸಾಲ ಕೊಡಿಸುವವನಿಗೆ ಪಾಠ ಹೇಳುವವರು ಯಾರು?

ಬೆಂಗಳೂರಿನ ಕೆಂಗೇರಿ ಹತ್ತಿರದ ಉಲ್ಲಾಳಕ್ಕೆ ಹೋದರೆ ಕರೆಂಟು ಕಂಬಗಳನ್ನು ಒಮ್ಮೆ ನೋಡಿ. 'ಸೈಟು, ಮನೆ ಪತ್ರದ ಮೇಲೆ ಸಾಲ. ಬಿ ಖಾತಾ ಆದರೂ ಚಿಂತೆ ಇಲ್ಲ. ಎರಡೇ ದಿನದಲ್ಲಿ ಹಣ' ಎಂಬ ಚೀಟಿ ಅಂಟಿಸಿರುತ್ತಾರೆ. ಕೆಳಗೊಂದು ಮೊಬೈಲ್ ನಂಬರ್. ಹೆಸರಿಲ್ಲ, ವಿಳಾಸವಿಲ್ಲ, ಲೈಸೆನ್ಸ್ ನಂಬರಂತೂ ಇಲ್ಲವೇ ಇಲ್ಲ.

ನಮ್ಮಲ್ಲಿ ಕೆಲವರು ಜ್ಞಾನಭಾರತಿಯಲ್ಲಿ ಓದುವಾಗ ಉಲ್ಲಾಳದಲ್ಲೇ ರೂಮು ಮಾಡಿಕೊಂಡಿದ್ದೆವು. ಜೊತೆಗಿದ್ದ ಒಬ್ಬ ಗೆಳೆಯ ಬೇರೆ ಕೆಲಸ ಸಿಗದೆ ಇಂಥದೇ ಒಂದು ನಂಬರಿಗೆ ಫೋನ್ ಮಾಡಿ ಏಜೆಂಟನಾಗಿ ಸೇರಿದ. ಅವನಿಗೆ ಸಿಕ್ಕ 'ಟ್ರೈನಿಂಗ್' ಅರ್ಧ ದಿನದ್ದು. ಪಾರ್ಟಿ ಹತ್ತಿರ ಹೇಗೆ ಮಾತಾಡಬೇಕು, ಪತ್ರದ ಫೋಟೊ ವಾಟ್ಸಾಪಿನಲ್ಲಿ ಹೇಗೆ ತರಿಸಿಕೊಳ್ಳಬೇಕು, ಕಮಿಷನ್ ಯಾವಾಗ ಹಿಡಿದುಕೊಳ್ಳಬೇಕು. ಅಷ್ಟೇ. ಅಡಮಾನಕ್ಕೂ ಕ್ರಯಕ್ಕೂ ಏನು ವ್ಯತ್ಯಾಸ ಎಂದು ಯಾರೂ ಹೇಳಿಕೊಡಲಿಲ್ಲ. ಮೂರು ತಿಂಗಳಿಗೆ ಕೆಲಸ ಬಿಟ್ಟ. ಊರಿನಿಂದ ಅವನ ದೊಡ್ಡಪ್ಪ ಫೋನ್ ಮಾಡಿ, 'ನಮ್ಮ ಜಾಗದ ಮೇಲೂ ಸ್ವಲ್ಪ ಸಾಲ ಕೊಡಿಸಪ್ಪ' ಅಂದರಂತೆ. ಬೇರೆಯವರಿಗೆ ಧೈರ್ಯವಾಗಿ ಕೊಡಿಸಿದ್ದನ್ನು ಸ್ವಂತ ದೊಡ್ಡಪ್ಪನಿಗೆ ಕೊಡಿಸಲು ಅವನಿಗೆ ಕೈ ಬರಲಿಲ್ಲ.

ನಮ್ಮ ಇಡೀ ವಾದ ಇಷ್ಟೇ. ಸ್ವಂತ ಮನೆಯವರಿಗೆ ಕೊಡಿಸಲಾಗದ ಸಾಲವನ್ನು ಊರವರಿಗೆ ಕೊಡಿಸುವ ಕೆಲಸ ಯಾವ ಪರೀಕ್ಷೆಯೂ ಇಲ್ಲದೆ ನಡೆಯಬಾರದು.

ಖಾಸಗಿ ಸಾಲವೇ ಬೇಡ ಎಂದು ನಾವು ಹೇಳುತ್ತಿಲ್ಲ. ಜನ ಶೋಕಿಗೆ ಅಲ್ಲಿಗೆ ಹೋಗುವುದಿಲ್ಲ. ನಗರದಲ್ಲಿ ಬಿ ಖಾತಾ, ಹಳ್ಳಿಯಲ್ಲಿ 11ಬಿ ಹಿಡಿದು ಹೋದರೆ ಬ್ಯಾಂಕಿನವರು ಸಾಮಾನ್ಯವಾಗಿ ಕೈಯಾಡಿಸುತ್ತಾರೆ. ಮಗಳ ಮದುವೆ, ಆಸ್ಪತ್ರೆ ಬಿಲ್ಲು, ಒಣಗಿದ ಬೋರ್‌ವೆಲ್ ಇವು ಖಾತೆ ಸರಿಯಾಗುವ ತನಕ ಕಾಯುವುದಿಲ್ಲ. ಆಗ ಕಂಬದ ಮೇಲಿನ ನಂಬರೇ ಗತಿ.

ಲೆಕ್ಕ ನೋಡಿ. ಹತ್ತು ಲಕ್ಷ ಸಾಲ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದಿಟ್ಟುಕೊಳ್ಳಿ. ಮೂರು ತಿಂಗಳ ಬಡ್ಡಿ 90,000 ಮೊದಲೇ ಮುರಿದುಕೊಂಡರು, ಏಜೆಂಟ್ ಎರಡು ಪರ್ಸೆಂಟ್ ಅಂತ 20,000 ಹಿಡಿದ. ಕೈಗೆ ಬಂದದ್ದು 8,90,000. ಬಡ್ಡಿ ಮಾತ್ರ ಪೂರ್ತಿ ಹತ್ತು ಲಕ್ಷಕ್ಕೆ, ವರ್ಷಕ್ಕೆ 3,60,000. 'ಮೂರು ರೂಪಾಯಿ' ಅಂದರೆ ಹಗುರ. ಅದು ವರ್ಷಕ್ಕೆ ಶೇ. 36 ಎಂದು ಏಜೆಂಟ್ ಬಾಯಿಬಿಟ್ಟು ಹೇಳುವುದಿಲ್ಲ. ಲೇವಾದೇವಿದಾರರು ಆಧಾರ ಇಟ್ಟುಕೊಂಡು ಕೊಡುವ ಸಾಲಕ್ಕೆ ರಾಜ್ಯ ಸರ್ಕಾರ ನಿಗದಿ ಮಾಡಿರುವ ಬಡ್ಡಿ ವರ್ಷಕ್ಕೆ ಶೇ. 14. ಆಧಾರವಿಲ್ಲದ ಸಾಲಕ್ಕೆ ಶೇ. 16. ಅದಕ್ಕಿಂತ ಹೆಚ್ಚು ವಸೂಲಿ ಮಾಡದಂತೆ ತಡೆಯಲು 2004ರಿಂದ ಪ್ರತ್ಯೇಕ ಕಾಯ್ದೆಯೇ ಇದೆ.

ಬಡ್ಡಿಗಿಂತ ದೊಡ್ಡ ಅಪಾಯ ಕಾಗದದಲ್ಲಿದೆ. 'ಅಡಮಾನ ಪತ್ರ ಯಾಕೆ, ಖರ್ಚು ಜಾಸ್ತಿ. ಸುಮ್ಮನೆ ಒಂದು ಕ್ರಯಪತ್ರ ಮಾಡಿಕೊಡಿ, ದುಡ್ಡು ತೀರಿಸಿದ ದಿನ ವಾಪಸ್ ಬರೆದುಕೊಡುತ್ತಾರೆ' ಎಂದು ಏಜೆಂಟ್ ಹೇಳುತ್ತಾನೆ. ಒಳ್ಳೆಯವನಾಗಿದ್ದರೂ ಹೇಳುತ್ತಾನೆ, ಯಾಕೆಂದರೆ ಅವನಿಗೂ ಗೊತ್ತಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ, ವಾಪಸ್ ಕೊಡುವ ಷರತ್ತು ಅದೇ ಪತ್ರದಲ್ಲಿ ಬರೆದಿಲ್ಲದಿದ್ದರೆ ಆ ಕ್ರಯವನ್ನು ಅಡಮಾನ ಎಂದು ಪರಿಗಣಿಸುವುದಿಲ್ಲ. ಬಾಯಿಮಾತು ಲೆಕ್ಕಕ್ಕಿಲ್ಲ. ಅಡಮಾನವಾದರೆ ಸಾಲ ತೀರಿಸಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ನಿಮ್ಮದು, ಅದನ್ನು ಆ ಕಾಯ್ದೆಯೇ ಕೊಟ್ಟಿದೆ. ಶುದ್ಧ ಕ್ರಯವಾದರೆ ಮನೆ ಅವತ್ತೇ ಹೋಯಿತು. ಆಮೇಲೆ ನೀವು ಕಟ್ಟುವುದು ಬೇರೆಯವರ ಮನೆಗೆ ಬಡ್ಡಿ.

ಈಗ ಇನ್ನೊಂದು ಕಡೆ ನೋಡೋಣ. ವಿಮೆ ಮಾರುವ ಏಜೆಂಟ್ ಪರೀಕ್ಷೆ ಪಾಸಾಗಬೇಕು. ಮ್ಯೂಚುವಲ್ ಫಂಡ್ ಮಾರುವವನೂ ಪಾಸಾಗಬೇಕು. ರೇರಾದಲ್ಲಿ ನೋಂದಾಯಿಸಿದ ಲೇಔಟಿನ ಸೈಟು ಮಾರುವ ಬ್ರೋಕರ್ ತಾನೂ ರೇರಾದಲ್ಲಿ ನೋಂದಾಯಿಸಿಕೊಳ್ಳಬೇಕು. ಬ್ಯಾಂಕಿನ ಪರವಾಗಿ ಸಾಲ ವಸೂಲಿಗೆ ಹೋಗುವವರಿಗೆ ತರಬೇತಿ ಬೇಕು ಎಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಹೇಳಿದೆ. ಸಾಲ ಕೊಡುವ ಲೇವಾದೇವಿದಾರ ಸಹಕಾರ ಇಲಾಖೆಯಿಂದ ಲೈಸೆನ್ಸ್ ಪಡೆಯಬೇಕು. ಆದರೆ ಖಾಸಗಿ ಸಾಲಕ್ಕೆ ನಡುವೆ ನಿಂತು, ಒಂದು ಕುಟುಂಬದ ಇಡೀ ಆಸ್ತಿಯನ್ನು ಒತ್ತೆ ಇಡಿಸುವ ಏಜೆಂಟನನ್ನು 'ನೀನು ಏನು ಓದಿದ್ದೀಯಪ್ಪ' ಎಂದು ಕೇಳುವವರೇ ಇಲ್ಲ. 2025ರಲ್ಲಿ ರಾಜ್ಯ ಸರ್ಕಾರ ಕಿರುಸಾಲದ ಬಲವಂತದ ವಸೂಲಿ ತಡೆಯಲು 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡದ ಕಾನೂನು ತಂದಿತು. ಒಳ್ಳೆಯದೇ. ಆದರೆ ಅದು ಮನೆ ಮುಂದೆ ಬಂದು ಗಲಾಟೆ ಮಾಡುವ ದಿನಕ್ಕೆ. ಸಹಿ ಹಾಕುವ ದಿನಕ್ಕೆ ಏನಿದೆ?

ಬೇರೆ ಕಡೆ ಇದನ್ನು ಮಾಡಿ ತೋರಿಸಿದ್ದಾರೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2023ರ ಏಪ್ರಿಲ್ 1ರಿಂದ ಅಡಮಾನ ಏಜೆಂಟರಿಗೆ ಎರಡು ಹಂತದ ಲೈಸೆನ್ಸ್ ಇದೆ. ಮೊದಲ ಹಂತದವರು ಬ್ಯಾಂಕಿನಂಥ ಸಂಸ್ಥೆಗಳಿಂದ ಮಾತ್ರ ಸಾಲ ಕೊಡಿಸಬಹುದು. ಖಾಸಗಿಯವರಿಂದ ಕೊಡಿಸಬೇಕಾದರೆ ಅದಕ್ಕೆಂದೇ ಇರುವ ಕೋರ್ಸು ಮುಗಿಸಿ ಎರಡನೇ ಹಂತಕ್ಕೆ ಬರಬೇಕು. ಖಾಸಗಿ ಸಾಲದಲ್ಲಿ ಅಪಾಯ ಹೆಚ್ಚು, ಆದ್ದರಿಂದ ಓದೂ ಹೆಚ್ಚು ಬೇಕು ಎನ್ನುವುದು ಅಲ್ಲಿಯ ಲೆಕ್ಕ. ನಮ್ಮಲ್ಲಿ ಉಲ್ಟಾ. ಅಪಾಯ ಹೆಚ್ಚಿದ್ದ ಕಡೆಯೇ ಓದು ಸೊನ್ನೆ.

ಹಾಗಾದರೆ ಏನು ಕಲಿಸಬೇಕು? ದೊಡ್ಡ ವಿದ್ಯೆ ಏನಲ್ಲ. ಇಸಿ, ಅಂದರೆ ಋಣಭಾರ ಪತ್ರ ಓದುವುದು. ಅಡಮಾನ, ಕ್ರಯದ ಕರಾರು, ಜಿಪಿಎ, ಶುದ್ಧ ಕ್ರಯ ಇವುಗಳ ವ್ಯತ್ಯಾಸ. ತಿಂಗಳ ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತಂದು ಹೇಳುವುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಖಾಸಗಿಯವರಿಗೆ ಮಾರುವಂತಿಲ್ಲ, ಅಡ ಇಡುವಂತೆಯೂ ಇಲ್ಲ ಎಂಬುದು. ಎಲ್ಲಕ್ಕಿಂತ ಮುಖ್ಯವಾಗಿ, ತೀರಿಸಲಾಗದವರಿಗೆ 'ಈ ಸಾಲ ನಿಮಗೆ ಬೇಡ' ಎಂದು ಹೇಳುವುದು. ಪಾಠ, ಪರೀಕ್ಷೆ ಎರಡೂ ಕನ್ನಡದಲ್ಲೇ ಇರಲಿ.

'ಟ್ರೈನಿಂಗ್ ಕೊಟ್ಟರೆ ಮೋಸಗಾರರು ಇನ್ನೂ ಜಾಣರಾಗುತ್ತಾರೆ' ಎಂದು ಕೆಲವರು ಹೇಳಬಹುದು. ಅದಕ್ಕೇ ಬರೀ ಪಾಠ ಸಾಲದು. ಪಾಸಾದವರ ಪಟ್ಟಿ ಸಹಕಾರ ಇಲಾಖೆಯಲ್ಲಿರಲಿ. ಪ್ರತಿ ಪತ್ರದಲ್ಲೂ ಏಜೆಂಟನ ಹೆಸರು, ನೋಂದಣಿ ಸಂಖ್ಯೆ, ಅವನು ಪಡೆದ ಕಮಿಷನ್ ರೂಪಾಯಿಯಲ್ಲಿ ನಮೂದಾಗಲಿ. 'ಹಾಗೆ ಮಾಡಿದರೆ ಬಡವರಿಗೆ ಸಾಲವೇ ಹುಟ್ಟುವುದಿಲ್ಲ' ಎನ್ನುವವರೂ ಇದ್ದಾರೆ. ಹೆಸರು ಬರೆಯಲು ಹೆದರಿ ಓಡಿಹೋಗುವವನು ಕೊಡಿಸುತ್ತಿದ್ದದ್ದು ಎಂಥ ಸಾಲ ಎಂದು ನೀವೇ ಯೋಚಿಸಿ.

ಸರ್ಕಾರ ಏಳುವ ತನಕ ನಾವು ಸುಮ್ಮನೆ ಕೂರಬೇಕಿಲ್ಲ. ಏಜೆಂಟ್ ನಿಮ್ಮ ಜಗಲಿಗೆ ಬಂದಾಗ ನಾಲ್ಕು ಪ್ರಶ್ನೆ ಕೇಳಿ. ಸಾಲ ಕೊಡುವವರ ಲೈಸೆನ್ಸ್ ಎಲ್ಲಿ? ವರ್ಷದ ಬಡ್ಡಿ ಎಷ್ಟು? ನಾನು ಸಹಿ ಹಾಕುವ ಪತ್ರದ ಹೆಸರೇನು? ನಿನ್ನ ಕಮಿಷನ್ ಎಷ್ಟು? ಸಹಿ ಹಾಕಿದ ಮೇಲೆ ಕಾವೇರಿ ಪೋರ್ಟಲಿನಲ್ಲಿ ಇಸಿ ತೆಗೆಸಿ, ಯಾವ ಹೆಸರಲ್ಲಿ ನೋಂದಣಿಯಾಗಿದೆ ಎಂದು ಮಗನಿಂದಲೋ ಮಗಳಿಂದಲೋ ಓದಿಸಿ.

ಕೊನೆಗೆ ಐದನೇ ಪ್ರಶ್ನೆಯೊಂದಿದೆ. ನಮ್ಮ ಗೆಳೆಯ ಕೆಲಸ ಬಿಡುವಂತೆ ಮಾಡಿದ ಪ್ರಶ್ನೆ ಅದು: 'ಇದೇ ಸಾಲವನ್ನು ನಿಮ್ಮ ದೊಡ್ಡಪ್ಪನಿಗೂ ಕೊಡಿಸುತ್ತೀಯಾ?' ಏಜೆಂಟ್ ತಲೆ ತಗ್ಗಿಸಿದರೆ ಪತ್ರ ವಾಪಸ್ ಪೆಟ್ಟಿಗೆಗೆ ಹಾಕಿ ಬೀಗ ಜಡಿಯಿರಿ.